ಹಿಮ್ಮಡಿ

ಹಗಲು ನಾನು ಹಲ್ಲು ಮಾಡುತ್ತೇನೆ.
ಸಾಲಗಾಮೆ ರಸ್ತೆಯ ಕ್ಲಿನಿಕ್ಕುಗಳಿಂದ
ಡಬ್ಬಿಗಳಲ್ಲಿ ಬಾಯಿಗಳು ಬರುತ್ತವೆ,
ಗುಲಾಬಿ ಅಚ್ಚಿನಲ್ಲಿ ಯಾರದೋ ದವಡೆ,
ಮೇಲೊಂದು ಚೀಟಿ: 'ಮುಂದಿನ ಎರಡು, ಛಾಯೆ ಎ-ಮೂರು,
ಶುಕ್ರವಾರ ನಾಮಕರಣ, ಅಷ್ಟರೊಳಗೆ.'
ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ;
ಯಾವ ಕಡೆಯಿಂದ ಅಗಿಯುತ್ತಾರೆ, ಅದಷ್ಟೇ ಗೊತ್ತು.

ರಾತ್ರಿ ಎಂಟೂವರೆಯ ಮೇಲೆ
ಪೆನ್ಷನ್ ಮೊಹಲ್ಲಾದ ಅದೇ ಮಹಡಿ ಕೋಣೆ,
ಅದೇ ಮೇಣ, ಅದೇ ಪುಡಿ, ಅದೇ ಕೊರೆಯುವ ಮೋಟಾರು.
ಬೆಂಚಿನ ಮೇಲೆ ಮಾತ್ರ ಬೇರೆ ರೋಗಿ:
ಒಂದು ಗೇಣುದ್ದದ ರೋಬೋ,
ಮಡಚಿದರೆ ರೈಲು ಎಂಜಿನ್ನು.

ಮರುಳಸಿದ್ದಪ್ಪ ತಂದದ್ದು.
ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಗಾರ್ಡು,
ರಿಟೈರಾಗಲು ಎರಡು ವರ್ಷ ಬಾಕಿ.
ಜ್ವರ ಬಂದ ಗಿಣಿಯನ್ನು ತರುವ ಹಾಗೆ
ಟವೆಲಿನಲ್ಲಿ ಸುತ್ತಿ ತಂದಿದ್ದರು.
'ಎಂಜಿನ್ನಾಗಿ ಸೊಗಸಾಗೇ ಇದಾನೆ ಕಣಪ್ಪ.
ಎದ್ದು ನಿಂತ ಅಂದ್ರೆ ಹಿಂದಕ್ಕೆ ಬೀಳ್ತಾನೆ.
ನಡುರಾತ್ರಿ ಗೂಡ್ಸ್ ಹೋದ್ರೆ ಸಾಕು,
ಶೋಕೇಸ್ ಒಳಗೆ ಧಡ್ ಅಂತಾನೆ,
ನಮ್ಮನೆಯವಳು ಕಳ್ಳ ಬಂದ ಅಂತ ಎದ್ದು ಕೂರ್ತಾಳೆ.'

ತಿರುಗಿಸಿ ನೋಡಿದೆ.
ಕಂಪನಿಯವರು ಹಿಮ್ಮಡಿಯನ್ನೇ ಮರೆತಿದ್ದಾರೆ.
ಪಾದದ ಮುಂಭಾಗವುಂಟು, ಬೂಟಿನ ಗೆರೆಯೂ ಉಂಟು,
ಹಿಂದೆ ಬರೀ ಗಾಳಿ.
ಮುಂಗೈ ಒಳಗೆ ಟೊಳ್ಳು,
ಹುಳ ತಿಂದ ದವಡೆ ಹಲ್ಲಿನಂತೆ.
ಎದೆಗೆ ಮಾತ್ರ ಬೆಳ್ಳಿ ಬಣ್ಣ, ಎರಡು ಕೋಟು.

ಮೇಣದಲ್ಲಿ ತಿದ್ದಿ, ಅಚ್ಚು ತೆಗೆದು, ಅಕ್ರಿಲಿಕ್ ತುಂಬಿ,
ಒಂದೇ ಸಂಜೆಯಲ್ಲಿ ನಿಂತ ಪುಣ್ಯಾತ್ಮ.
ಬೆಂಚು ಕುಟ್ಟಿದೆ, ಅಲುಗಲಿಲ್ಲ.
ಮಡಚಲು ಹೋದೆ.
ಎಂಜಿನ್ನಿನ ಹೊಟ್ಟೆ ಮುಚ್ಚಲೇ ಇಲ್ಲ.
ಬಾಗಿಲ ಸಂದಿಗೆ ಸೆರಗು ಸಿಕ್ಕಿದ ಹಾಗೆ
ಒಂದು ಕೂದಲೆಳೆ ಬಿರುಕು.

ಇದೇ ಈ ಕೆಲಸದ ತಕರಾರು.
ಇಂಥ ಮೈಗೆ ಸೇರಿಸುವ ಯಾವ ತುಂಡಿಗೂ
ಎರಡು ಮನೆ ಬೇಕು:
ನಿಂತಾಗ ಭಾರ ಹೊರುವುದಕ್ಕೊಂದು,
ಓಡುವಾಗ ಅಡಗಿ ಕೂರುವುದಕ್ಕೊಂದು.

ಉಜ್ಜಿದೆ. ಇನ್ನೂ ಉಜ್ಜಿದೆ. ಜಾಸ್ತಿಯಾಯಿತು, ಎಸೆದೆ.
ಏಳು ಜೊತೆ ಹಿಮ್ಮಡಿ ಬಿಸ್ಕತ್ತಿನ ಡಬ್ಬಿ ಸೇರಿದವು.
ಅಕ್ಕ ಶಗುಫ್ತಾ ಚಹಾ ಇಟ್ಟು, ಇಣುಕಿ,
'ಯಾರದೋ ಇದು, ಇಷ್ಟು ಚಿಕ್ಕ ದವಡೆ?' ಅಂದಳು.

ದವಡೆ!
ಡ್ರಾಯರ್ ಎಳೆದೆ. ನೀಲಿ ಕಾಗದ.
ಹೊಸ ಹಲ್ಲು ಎತ್ತರವಾಯಿತು ಅಂದವರಿಗೆ
'ಕಚ್ಚಿ, ಕಟಕಟ ಅನ್ನಿಸಿ' ಅನ್ನುತ್ತಾರಲ್ಲ ಡಾಕ್ಟರು, ಅದೇ.
ಚೂರು ಹರಿದು ಸಂದಿಯಲ್ಲಿಟ್ಟು
ಎಂಜಿನ್ನನ್ನು ನಿಧಾನ ಒತ್ತಿದೆ.
ಕಚ್ಚಪ್ಪಾ.
ತೆರೆದರೆ, ಎಡ ಹಿಮ್ಮಡಿಯ ಒಳಮೂಲೆಯಲ್ಲಿ
ಸಾಸಿವೆಗಿಂತ ಸಣ್ಣದೊಂದು ನೀಲಿ ಚುಕ್ಕೆ.
ಅಲ್ಲಿ ನೋವು.
ಅಷ್ಟನ್ನೇ ತೆಗೆದೆ.

ಟಿಕ್.

ಸಡಿಲವಾದ ಸೊಂಟದ ಕೀಲಿಗೆ
ಅಕ್ಕನ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಹನಿ;
ಒಣಗುವ ತನಕ ಸಾಹೇಬರು ಕಿಟಕಿಯಲ್ಲಿ
ಕಾಲು ಅಗಲಿಸಿ ಮಲಗಿದ್ದರು.

ಭಾನುವಾರ ಮರುಳಸಿದ್ದಪ್ಪ ಬಂದು
ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ಕೇಳಿದರು:
'ಏನು ಮಾಡಿದೀಯ? ಏನೂ ಕಾಣಲ್ವಲ್ಲ.'
ಹಲ್ಲು ಮಾಡುವವನಿಗೆ
ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಟ್ಟಾರು?
ಆದರೂ ಐವತ್ತು ರೂಪಾಯಿ ಕಮ್ಮಿಯೇ ಕೊಟ್ಟರು.

ಪ್ಯಾಸೆಂಜರ್ ಗಾಡಿಗೆ ಹೊತ್ತಾಯಿತೆಂದು ಹೊರಟವರು
ಮೆಟ್ಟಿಲ ಬಳಿ ತಿರುಗಿ ತುಟಿ ಸರಿಸಿದರು.
'ನಂದೂ ಒಂದು ಕಡೆ ಎತ್ತರ ಕಣಯ್ಯ.
ಇಲ್ಲೇ ಹಾಸನದಲ್ಲೇ ಕಟ್ಟಿಸಿದ್ದು, ಹೋದ ವರ್ಷ.
ಯಾವನು ಮಾಡಿದನೋ.'

ದೀಪ ಹತ್ತಿರ ಎಳೆದು ನೋಡಿದೆ.
ಕೋರೆಹಲ್ಲಿನ ತುದಿಯನ್ನು
ಚೂರೇ ಚೂರು ಉರುಟು ಮಾಡುವ ಆ ಚಟ,
ಈ ಊರಿನಲ್ಲಿ ಒಬ್ಬನಿಗೇ ಇರುವುದು.

ಹೇಳಲಿಲ್ಲ.
'ಕೂತ್ಕೊಳ್ಳಿ, ಗಾಡಿ ಹೇಗೂ ಲೇಟು' ಅಂದು
ನೀಲಿ ಕಾಗದದ ಇನ್ನೊಂದು ಚೂರು ಹರಿದೆ.